ಚಿಕ್ಕಬಳ್ಳಾಪುರ ಜಿಲ್ಲೆಯ ನೀರಿನಲ್ಲಿ ನೈಟ್ರೇಟ್: ವಸ್ತುಸ್ಥಿತಿ ಮತ್ತು ವಿಶ್ಲೇಷಣೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಹೊಸ ಕೊಳವೆಬಾವಿ ಕೊರೆದಾಗ ಸುತ್ತ ನಿಂತವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ನೀರು ಎಷ್ಟು ಅಡಿಗೆ ಬಿತ್ತು ಎಂಬುದು ಮೊದಲನೆಯದು. ಫ್ಲೋರೈಡ್ ಇದೆಯೇ ಎಂಬುದು ಎರಡನೆಯದು. ಎರಡೂ ಅಗತ್ಯವಾದ ಪ್ರಶ್ನೆಗಳೇ. ಆದರೆ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ಇಂದಿಗೂ ವಿರಳ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸಾಮಾನ್ಯವಾಗಿ ಕಂಡುಬರುವ ಪ್ರಮಾಣದಲ್ಲಿ ರುಚಿಯೂ ತಿಳಿಯುವುದಿಲ್ಲ. ಫ್ಲೋರೈಡಿನಂತೆ ಹಲ್ಲಿನ ಮೇಲೆ ಕಲೆಯಾಗಿ ಕಾಣಿಸಿಕೊಳ್ಳುವುದೂ ಇಲ್ಲ. ಪರೀಕ್ಷೆ ಮಾಡಿಸದ ಹೊರತು ಇದು ಇರುವುದೇ ಗೊತ್ತಾಗದು. ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೆ ಈ ವಿಷಯದ ಹಿನ್ನೆಲೆ ತಿಳಿದಿರುವುದು ಉಪಯುಕ್ತವೆಂದು ಭಾವಿಸಿ ಈ ವಿವರಗಳನ್ನು ನೀಡಲಾಗಿದೆ.

ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡದಂತೆ (ಐಎಸ್ 10500, 2012) ಒಂದು ಲೀಟರ್ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರುವಂತಿಲ್ಲ. ಫ್ಲೋರೈಡ್ ವಿಷಯದಲ್ಲಿ 1 ಮಿಲಿಗ್ರಾಂ ಅಪೇಕ್ಷಣೀಯ ಮಿತಿ ಇದ್ದು, ಬೇರೆ ಮೂಲ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಡಿಲಿಕೆ ಇದೆ. ನೈಟ್ರೇಟಿಗೆ ಅಂತಹ ಯಾವ ಸಡಿಲಿಕೆಯೂ ಇಲ್ಲ. ಕೇಂದ್ರ ಅಂತರ್ಜಲ ಮಂಡಳಿಯು 2024ನೇ ಸಾಲಿನಲ್ಲಿ ಹೊರತಂದ ಅಂತರ್ಜಲ ಗುಣಮಟ್ಟದ ವಾರ್ಷಿಕ ವರದಿಯಲ್ಲಿ ದೇಶದಾದ್ಯಂತ ಪರೀಕ್ಷಿಸಿದ ಮಾದರಿಗಳ ಪೈಕಿ ಸುಮಾರು ಶೇ 20ರಷ್ಟು ಈ ಮಿತಿಯನ್ನು ಮೀರಿರುವುದು ದಾಖಲಾಗಿದೆ. ಪಟ್ಟಿಯಲ್ಲಿ ರಾಜಸ್ಥಾನ ಶೇ 49ರೊಂದಿಗೆ ಮೊದಲಿದ್ದು, ಕರ್ನಾಟಕವು ಶೇ 48ರೊಂದಿಗೆ ಎರಡನೆಯದಾಗಿದೆ. ತಮಿಳುನಾಡಿನದು ಶೇ 37. ಈ ಅಂಕಿಗಳು ವೀಕ್ಷಣಾ ಬಾವಿಗಳಿಗೆ ಸಂಬಂಧಿಸಿದವು. ಪ್ರತಿ ಎರಡು ನಲ್ಲಿಗಳಲ್ಲಿ ಒಂದು ಕೆಟ್ಟಿದೆ ಎಂದು ಅರ್ಥೈಸುವುದು ಸರಿಯಾಗದು. ಆದಾಗ್ಯೂ ಮರುಭೂಮಿಯ ರಾಜ್ಯದ ಪಕ್ಕದಲ್ಲಿಯೇ ಕರ್ನಾಟಕದ ಹೆಸರು ಬಂದಿರುವುದು ಸಣ್ಣ ಸಂಗತಿಯಲ್ಲ.

ಮೇಲಿನಿಂದ ಇಳಿದು ಬಂದದ್ದು

ಫ್ಲೋರೈಡ್ ಮತ್ತು ನೈಟ್ರೇಟ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ ಇದೆ. ವಾಸ್ತವದಲ್ಲಿ ಇವೆರಡರ ಮೂಲ ಬೇರೆ ಬೇರೆ. ಈ ಭಾಗದ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿಯೇ ಫ್ಲೋರೈಡ್ ಅಂಶವಿದ್ದು, ನೀರು ಬಹುಕಾಲ ಬಂಡೆಯ ಸಂಪರ್ಕದಲ್ಲಿದ್ದಾಗ ಅದು ಕರಗಿ ಸೇರುತ್ತದೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಮೇಲೆ ಈ ತೊಂದರೆ ಎದ್ದು ಕಾಣಿಸಿತು. ನೈಟ್ರೇಟ್ ಹಾಗಲ್ಲ. ಈ ಬಂಡೆಗಳಲ್ಲಿ ಎಣಿಸತಕ್ಕ ಪ್ರಮಾಣದ ಸಾರಜನಕವಿಲ್ಲ. ನೀರಿನಲ್ಲಿ ಕಾಣುವ ಸಾರಜನಕವು ಬಹುಮಟ್ಟಿಗೆ ಭೂಮಿಯ ಮೇಲಿನಿಂದ, ಅಂದರೆ ಹೊಲ, ತೋಟ, ತಿಪ್ಪೆಗುಂಡಿ, ಶೌಚಗುಂಡಿ ಮತ್ತು ಚರಂಡಿಗಳಿಂದ ಇಳಿದು ಬಂದದ್ದು. ಒಂದನ್ನು ಪ್ರಕೃತಿಯ ಲೆಕ್ಕಕ್ಕೆ ಬರೆಯಬಹುದು. ಇನ್ನೊಂದನ್ನು ಬಳಕೆದಾರರ ಲೆಕ್ಕಕ್ಕೇ ಬರೆಯಬೇಕಾಗುತ್ತದೆ.

ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕವಿರುತ್ತದೆ. 2018ರಿಂದ ಚೀಲದ ತೂಕ 50 ಕಿಲೋದಿಂದ 45 ಕಿಲೋಗೆ ಇಳಿದಿದ್ದು, ಅದರಂತೆ ಒಂದು ಚೀಲದಲ್ಲಿ 20.7 ಕಿಲೋ ಸಾರಜನಕ ಇರುತ್ತದೆ. ಇಷ್ಟೂ ಸಾರಜನಕ ನೈಟ್ರೇಟ್ ಆಗಿ ಮಾರ್ಪಟ್ಟು ನೀರು ಸೇರಿದಲ್ಲಿ ಸುಮಾರು 20 ಲಕ್ಷ ಲೀಟರ್ ಶುದ್ಧ ನೀರನ್ನು 45 ಮಿಲಿಗ್ರಾಂ ಮಿತಿಗೆ ತಂದು ನಿಲ್ಲಿಸಲು ಅದೊಂದೇ ಚೀಲ ಸಾಕಾಗುತ್ತದೆ. ಇಡೀ ಚೀಲ ನೀರಿಗಿಳಿಯುವುದಿಲ್ಲ ಎಂಬುದು ನಿಜ. ಬೆಳೆ ಸ್ವಲ್ಪ ಹೀರಿಕೊಳ್ಳುತ್ತದೆ, ಸ್ವಲ್ಪ ಅನಿಲವಾಗಿ ಗಾಳಿ ಸೇರುತ್ತದೆ. ಆದರೆ ಹೊಲಕ್ಕೆ ಹಾಕಿದ ಸಾರಜನಕದಲ್ಲಿ ಬೆಳೆಗೆ ದಕ್ಕುವುದು ಹೆಚ್ಚೂಕಡಿಮೆ ಅರ್ಧ ಎಂಬುದು ಪ್ರಪಂಚದ ಸರಾಸರಿ ಅನುಭವ. ಉಳಿದರ್ಧದಲ್ಲಿ ಒಂದು ಪಾಲು ಮಳೆ ಅಥವಾ ನೀರಾವರಿಯ ನೀರಿನೊಂದಿಗೆ ಬೇರಿನ ಮಟ್ಟ ದಾಟಿ ಕೆಳಗಿಳಿಯುತ್ತದೆ.

ಈ ನಾಲ್ಕು ತಾಲ್ಲೂಕುಗಳ ಬೆಳೆಗಳನ್ನು ನೋಡಿದರೆ ಲೆಕ್ಕ ಇನ್ನಷ್ಟು ಸ್ಪಷ್ಟವಾಗುತ್ತದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದೆ ಹಿಪ್ಪುನೇರಳೆ ತೋಟಗಳಿವೆ. ಚಿಂತಾಮಣಿಯ ಟೊಮೆಟೊ ಮಂಡಿಯ ಹಿಂದೆ ಹನಿ ನೀರಾವರಿಯ ಸಾಲುಗಳಿವೆ. ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ, ಹೂವು ಮತ್ತು ತರಕಾರಿಗಳಿವೆ. ಗೌರಿಬಿದನೂರಿನಲ್ಲಿ ಮುಸುಕಿನ ಜೋಳ ಪ್ರಮುಖವಾಗಿದೆ. ನೀರಾವರಿಯ ವಿ-1 ತಳಿಯ ಹಿಪ್ಪುನೇರಳೆಗೆ ಶಿಫಾರಸಾಗಿರುವ ಪ್ರಮಾಣವು ವರ್ಷಕ್ಕೆ ಹೆಕ್ಟೇರಿಗೆ 350 ಕಿಲೋ ಸಾರಜನಕ, 140 ಕಿಲೋ ರಂಜಕ, 140 ಕಿಲೋ ಪೊಟ್ಯಾಷ್. ಎಕರೆ ಲೆಕ್ಕದಲ್ಲಿ ಸಾರಜನಕ ಸುಮಾರು 142 ಕಿಲೋ, ಅಂದರೆ ಏಳು ಚೀಲ ಯೂರಿಯಾಕ್ಕೆ ಸ್ವಲ್ಪ ಕಡಿಮೆ. ಇದರ ಜೊತೆಗೆ ಹೆಕ್ಟೇರಿಗೆ 20 ಟನ್ ಕೊಟ್ಟಿಗೆ ಗೊಬ್ಬರ ಹಾಕಿದಲ್ಲಿ ಅದರಲ್ಲಿಯೂ ನೂರು ಕಿಲೋದಷ್ಟು ಸಾರಜನಕ ಇರುತ್ತದೆ. ಗೊಬ್ಬರವನ್ನು ಲೆಕ್ಕಕ್ಕೆ ಹಿಡಿಯದೆ ಯೂರಿಯಾವನ್ನು ಮಾತ್ರ ಎಣಿಸುವುದು ಸಾಮಾನ್ಯ ರೂಢಿ. ವರ್ಷದಲ್ಲಿ ಐದು ಬಾರಿ ಸೊಪ್ಪು ಕಟಾವು ಮಾಡುವ ಬೆಳೆಗೆ ಸಾರಜನಕ ಬೇಕೇ ಬೇಕು. ಹುಳು ತಿನ್ನುವ ಎಲೆಯ ಪ್ರೋಟೀನೇ ಮುಂದೆ ರೇಷ್ಮೆ ಎಳೆಯಾಗುವುದರಿಂದ ಶಿಫಾರಸಿನಲ್ಲಿ ತಪ್ಪು ಹುಡುಕುವಂತಿಲ್ಲ. ಹುಡುಕಬೇಕಾದದ್ದು ಶಿಫಾರಸಿಗೂ ಹಾಕುವುದಕ್ಕೂ ನಡುವಿನ ಅಂತರವನ್ನು.

ಈ ಅಂತರಕ್ಕೆ ಬೆಲೆಯೂ ಒಂದು ಕಾರಣ. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಪದ್ಧತಿ ಬಂದ ಮೇಲೆ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ದರ ಏರಿತು. ಯೂರಿಯಾ ಮಾತ್ರ ನಿಯಂತ್ರಿತ ದರದಲ್ಲಿಯೇ ಉಳಿಯಿತು. ಅಗ್ಗವಾದದ್ದು ಹೆಚ್ಚು ಖರ್ಚಾಗುವುದು ವ್ಯಾಪಾರದ ಸಹಜ ನಿಯಮ. ಇದರಲ್ಲಿ ರೈತರನ್ನು ದೂರುವುದು ನ್ಯಾಯವಲ್ಲ. 2015ರಿಂದ ಎಲ್ಲ ಯೂರಿಯಾಕ್ಕೂ ಬೇವಿನ ಲೇಪನ ಕಡ್ಡಾಯವಾಗಿದ್ದು, ಸಾರಜನಕ ನಿಧಾನವಾಗಿ ಬಿಡುಗಡೆಯಾಗಲು ಅದರಿಂದ ಅನುಕೂಲವಾಗಿದೆ. ಆದರೆ ಲೇಪನವು ವೇಗವನ್ನು ತಗ್ಗಿಸೀತೇ ಹೊರತು ಹೆಚ್ಚುವರಿಯಾಗಿ ಸುರಿದದ್ದನ್ನು ಇಲ್ಲವಾಗಿಸದು.

ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಲೆಕ್ಕವಿದೆ. ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇದ್ದಲ್ಲಿ, ಒಂದು ಎಕರೆಗೆ ಒಂದು ಅಂಗುಲ ನೀರು ಹಾಯಿಸಿದಾಗ ಸುಮಾರು ಒಂದು ಕಿಲೋ ಸಾರಜನಕ ನೀರಿನೊಂದಿಗೇ ಹೊಲ ಸೇರುತ್ತದೆ. ವರ್ಷಕ್ಕೆ 40 ಅಂಗುಲ ನೀರು ಹಾಯಿಸುವ ತೋಟಕ್ಕೆ 40 ಕಿಲೋ, ಅಂದರೆ ಎರಡು ಚೀಲ ಯೂರಿಯಾ. ನೈಟ್ರೇಟ್ 90 ಇದ್ದರೆ ನಾಲ್ಕು ಚೀಲ. ರೈತರು ಈಗಾಗಲೇ ಒಮ್ಮೆ ಹಣ ಕೊಟ್ಟು ತಂದ ಗೊಬ್ಬರವೇ ವಿದ್ಯುತ್ತಿನ ಬಲದಿಂದ ಮೇಲೆ ಬರುತ್ತಿದ್ದು, ಅದನ್ನು ಕಳೆಯದೆ ಹೊಸದಾಗಿ ಪೂರ್ತಿ ಪ್ರಮಾಣ ಹಾಕಲಾಗುತ್ತಿದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯು ಮಣ್ಣನ್ನು ಪರೀಕ್ಷಿಸಿ ಶಿಫಾರಸು ನೀಡುತ್ತದೆ. ನೀರಿನಲ್ಲಿರುವ ಸಾರಜನಕ ಅದರ ಲೆಕ್ಕದಲ್ಲಿ ಇರುವುದಿಲ್ಲ. ಚೀಟಿ ಪಡೆಯುವ ರೈತರು ನೀರಿನ ಪರೀಕ್ಷಾ ವರದಿಯನ್ನೂ ಜೊತೆಗೆ ಕೊಂಡೊಯ್ದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳುವುದು ಸೂಕ್ತ.

ಹೊಲವೊಂದನ್ನೇ ಹೊಣೆ ಮಾಡುವುದೂ ಸರಿಯಲ್ಲ. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ವರ್ಷಕ್ಕೆ ನಾಲ್ಕು ಕಿಲೋಗಿಂತ ಹೆಚ್ಚು ಸಾರಜನಕ ಹೊರಹೋಗುತ್ತದೆ. ಐದು ಜನರ ಮನೆಯ ಶೌಚಗುಂಡಿ ವರ್ಷಕ್ಕೊಂದು ಚೀಲ ಯೂರಿಯಾಕ್ಕೆ ಸಮ ಎಂದಾಯಿತು. ಹಸುಗಳ ಪಾಲು ಇದರ ಹಲವು ಪಟ್ಟು; ಹೈನುಗಾರಿಕೆ ದಟ್ಟವಾಗಿರುವ ಈ ಜಿಲ್ಲೆಯಲ್ಲಿ ಕೊಟ್ಟಿಗೆಯ ಹಿಂದಿನ ತೆರೆದ ತಿಪ್ಪೆಗುಂಡಿ ಮಳೆಗಾಲದಲ್ಲಿ ಸೋರುವ ಗೊಬ್ಬರದ ಕಣಜದಂತೆಯೇ ಇರುತ್ತದೆ. ಬಯಲು ಶೌಚ ನಿಂತದ್ದು ಆರೋಗ್ಯದ ದೃಷ್ಟಿಯಿಂದ ನಿಸ್ಸಂಶಯವಾಗಿ ಒಳ್ಳೆಯದಾಯಿತು. ಆದರೆ ಇಂಗುಗುಂಡಿಯನ್ನು ಕುಡಿಯುವ ನೀರಿನ ಕೊಳವೆಬಾವಿಯ ಪಕ್ಕದಲ್ಲಿಯೇ ತೋಡಿದಲ್ಲಿ, ಅದರಲ್ಲೂ ಬಂಡೆ ಮೇಲ್ಮಟ್ಟದಲ್ಲಿಯೇ ಬಿರುಕು ಬಿಟ್ಟಿರುವೆಡೆ, ಒಂದು ತೊಂದರೆಯನ್ನು ಇನ್ನೊಂದಕ್ಕೆ ವರ್ಗಾಯಿಸಿದಂತಾಗುತ್ತದೆ.

ಶಿಡ್ಲಘಟ್ಟ ಮತ್ತು ಚಿಂತಾಮಣಿಯ ನೂಲು ಬಿಚ್ಚಾಣಿಕೆ ಘಟಕಗಳ ವಿಷಯವನ್ನೂ ಪ್ರಸ್ತಾಪಿಸಬೇಕಾಗಿದೆ. ಗೂಡಿನ ಎಳೆಗಳನ್ನು ಅಂಟಿಸಿ ಹಿಡಿದಿರುವ ಸೆರಿಸಿನ್ ಎಂಬ ಅಂಟು ರೇಷ್ಮೆಯ ತೂಕದ ಕಾಲು ಭಾಗದಷ್ಟಿರುತ್ತದೆ. ಅದು ಪ್ರೋಟೀನ್, ಅಂದರೆ ಅದರ ಆರನೆಯ ಒಂದು ಭಾಗದಷ್ಟು ಸಾರಜನಕ. ಗೂಡು ಬೇಯಿಸಿದ ನೀರಿನಲ್ಲಿ ಈ ಅಂಟಿನ ಒಂದಂಶ ಕರಗಿರುತ್ತದೆ. ಪ್ಯೂಪಾದಿಂದ ಬಿಟ್ಟುಕೊಂಡ ಪದಾರ್ಥವೂ ಸೇರಿರುತ್ತದೆ. ಆ ನೀರಿನ ವಾಸನೆ ಬೀದಿಯಲ್ಲಿ ಎಲ್ಲರಿಗೂ ತಿಳಿಯುವುದರಿಂದ ದೂರುಗಳು ಬರುವುದು ವಾಸನೆಯ ಕುರಿತೇ. ವಾಸನೆ ಹೋದ ಮೇಲೆ ಉಳಿಯುವ ಸಾರಜನಕದ ಕುರಿತು ದೂರು ಬರುವುದಿಲ್ಲ.

ಸಮುದ್ರ ಸೇರದ ಸಾರಜನಕ

ಸಾರಜನಕ ಮಾಲಿನ್ಯದ ಬಗ್ಗೆ ಪ್ರಪಂಚದ ಚರ್ಚೆ ಬಹುಪಾಲು ನದೀಮುಖಜ ಪ್ರದೇಶಗಳದ್ದು. ಅಮೆರಿಕದ ಮಿಸಿಸಿಪ್ಪಿ ನದಿಯು ಜೋಳದ ಹೊಲಗಳಿಂದ ಹೊತ್ತು ತರುವ ಸಾರಜನಕದಿಂದ ಮೆಕ್ಸಿಕೋ ಕೊಲ್ಲಿಯಲ್ಲಿ ಪ್ರತಿ ಬೇಸಿಗೆಯೂ ಆಮ್ಲಜನಕವಿಲ್ಲದ ವಿಸ್ತಾರವಾದ ವಲಯ ಉಂಟಾಗುತ್ತದೆ. ನದಿಯ ಬಾಯಲ್ಲಿರುವ ದ್ವೀಪಗಳು, ಅಳಿವೆಗಳು, ಮೀನುಗಾರರು ಮೇಲಿನ ಊರುಗಳ ಗೊಬ್ಬರದ ಫಲವನ್ನು ಅನುಭವಿಸುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯೂ ಒಂದರ್ಥದಲ್ಲಿ ಅಂತಹ ಮೇಲಿನ ಊರೇ. ನಂದಿ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಮೂಲಕ ಹರಿದು ಆಂಧ್ರಪ್ರದೇಶದ ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಚಿತ್ರಾವತಿ, ಪಾಪಾಗ್ನಿಗಳು ಅದರ ಉಪನದಿಗಳು. ದಕ್ಷಿಣ ಪಿನಾಕಿನಿಯು ತಮಿಳುನಾಡಿನ ಕಡಲೂರಿನ ಬಳಿ ಸಮುದ್ರ ಸೇರುತ್ತದೆ.

ಆದರೆ ಹೆಸರಿಗೆ ನದಿಗಳಾದ ಇವು ಇಲ್ಲಿ ವರ್ಷದ ಬಹುಕಾಲ ಮರಳಿನ ದಾರಿಗಳು. ವಾಡಿಕೆಯ ಮಳೆ ಏಳೆಂಟು ನೂರು ಮಿಲಿಮೀಟರ್ ಮಾತ್ರ. ಅದರಲ್ಲಿ ಹರಿದ ನೀರನ್ನು ಸರಣಿ ಕೆರೆಗಳು ತಡೆಯುತ್ತವೆ. ಇಂಗಿದ ನೀರನ್ನು ಕೊಳವೆಬಾವಿಗಳು ಮೇಲೆತ್ತುತ್ತವೆ. 2021ರ ನವೆಂಬರಿನಲ್ಲಿ ಸುರಿದ ಭಾರಿ ಮಳೆಯಲ್ಲಿ ಕೆರೆಗಳು ಕೋಡಿ ಬಿದ್ದು, ಉತ್ತರ ಪಿನಾಕಿನಿ ಮತ್ತು ಚಿತ್ರಾವತಿ ಉಕ್ಕಿ ಹರಿದದ್ದು ಜನರ ನೆನಪಿನಲ್ಲಿ ಉಳಿದಿರುವುದು ಅದು ಅಪರೂಪವಾದ್ದರಿಂದಲೇ. ಹೀಗಾಗಿ ಇಲ್ಲಿನ ಹೊಲಕ್ಕೆ ಬಿದ್ದ ಸಾರಜನಕ ಕೆಳಗಿನ ಊರುಗಳಿಗೆ ಹೊರಟುಹೋಗುವುದಿಲ್ಲ. ಇಂಗುತ್ತದೆ, ಪಂಪಿನೊಂದಿಗೆ ಮೇಲೆ ಬರುತ್ತದೆ, ಮತ್ತೆ ಇಂಗುತ್ತದೆ. ಪ್ರತಿ ಸುತ್ತಿನಲ್ಲಿಯೂ ನೀರಿನ ಒಂದಂಶ ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ಮಿಸಿಸಿಪ್ಪಿಯ ರೈತರ ಸಾರಜನಕ ಬೇರೆಯವರ ಸಮಸ್ಯೆಯಾದರೆ ಇಲ್ಲಿಯದು ಅವರವರ ಬಾವಿಯಲ್ಲಿಯೇ ಠೇವಣಿಯಾಗಿ ಕೂಡುತ್ತದೆ.

ಜಿಲ್ಲೆಯ ಅಂತರ್ಜಲವನ್ನು ಅತಿಬಳಕೆಯ ವರ್ಗದಲ್ಲಿ ಸೇರಿಸಿರುವುದು ಎಲ್ಲರಿಗೂ ತಿಳಿದ ವಿಷಯ. ಈ ವರ್ಗೀಕರಣ ಪ್ರಮಾಣಕ್ಕೆ ಸಂಬಂಧಿಸಿದ್ದು. ಗುಣಮಟ್ಟದ ದೃಷ್ಟಿಯಿಂದ ಅದರ ಅರ್ಥ ಬೇರೆಯೇ ಇದೆ: ಮಟ್ಟ ಕುಸಿದಾಗ ಮೇಲಿನ ಒಣಗಿದ ಸವೆತದ ಪದರದಲ್ಲಿ ವರ್ಷಗಟ್ಟಲೆಯ ನೈಟ್ರೇಟ್ ಕುಳಿತಿರುತ್ತದೆ. ಮುಂದೊಂದು ದಿನ ನೀರಿನ ಮಟ್ಟ ಮೇಲೇರಿದಾಗ ಅದು ಕರಗಿ ಬಾವಿ ಸೇರಬಹುದು. ನೀರು ಹೆಚ್ಚಾದ ವರ್ಷದಲ್ಲಿ ಗುಣಮಟ್ಟವೂ ತಾನಾಗಿಯೇ ಸುಧಾರಿಸುವುದೆಂಬ ನಂಬಿಕೆ ಎಲ್ಲ ಕಡೆಯೂ ನಿಜವಾಗದು. ಬತ್ತಿದ ಕೊಳವೆಬಾವಿಗೆ ಮಳೆನೀರನ್ನು ಮರುಪೂರಣ ಮಾಡುವವರೂ ಇದನ್ನು ಗಮನದಲ್ಲಿಡಬೇಕು. ಜಲ್ಲಿ, ಮರಳಿನ ಸೋಸುಗುಂಡಿಯು ಕೆಸರನ್ನು ತಡೆಯುತ್ತದೆ. ನೀರಿನಲ್ಲಿ ಕರಗಿದ ನೈಟ್ರೇಟನ್ನು ತಡೆಯುವುದಿಲ್ಲ. ಗೊಬ್ಬರ ಹಾಕಿದ ಹೊಲದ ನೀರನ್ನೋ ಚರಂಡಿಯ ನೀರನ್ನೋ ನೇರವಾಗಿ ಬಾವಿಗೆ ತಿರುಗಿಸುವುದು ಮಣ್ಣೆಂಬ ಕಾವಲನ್ನು ತೆಗೆದುಹಾಕಿದಂತೆ.

ಹೆಬ್ಬಾಳ-ನಾಗವಾರ ಕಣಿವೆಯ ನೀರು

ಬೆಂಗಳೂರು ನಗರದ ತ್ಯಾಜ್ಯನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಕೆರೆಗಳಿಗೆ ತುಂಬಿಸುವ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯು ದಿನಕ್ಕೆ 21 ಕೋಟಿ ಲೀಟರ್ ಸಾಮರ್ಥ್ಯದ್ದು. ಯೋಜನೆಯ 65 ಕೆರೆಗಳ ಪೈಕಿ 44 ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿವೆ. ಕೋಲಾರಕ್ಕೆ ನೀರು ಕೊಡುವ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ವ್ಯಾಪ್ತಿಯಲ್ಲಿ ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳೂ ಸೇರಿವೆ. 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಹರಿದು, ಜುಲೈನಲ್ಲಿ ನೊರೆ ಕಾಣಿಸಿಕೊಂಡು, ವಿಷಯವು ಉಚ್ಚ ನ್ಯಾಯಾಲಯ ಮತ್ತು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದದ್ದು ತಿಳಿದಿರುವ ವಿಷಯ. ಮೂರನೇ ಹಂತದ ಸಂಸ್ಕರಣೆ ಆಗಬೇಕೆಂಬ ಬೇಡಿಕೆಯನ್ನು ಶಾಶ್ವತ ನೀರಾವರಿ ಹೋರಾಟ ಸಮಿತಿ ಅಂದಿನಿಂದ ಮುಂದಿಡುತ್ತಾ ಬಂದಿದೆ.

ಚರ್ಚೆಯಲ್ಲಿ ನೊರೆ ಮತ್ತು ಲೋಹಗಳ ಮಾತು ಬಂದಷ್ಟು ಸಾರಜನಕದ ಮಾತು ಬಂದಿಲ್ಲ. ಎರಡನೇ ಹಂತದ ಸಂಸ್ಕರಣೆಯ ಮುಖ್ಯ ಉದ್ದೇಶ ಸಾವಯವ ಕಶ್ಮಲವನ್ನು ತಗ್ಗಿಸುವುದು. ಸಾರಜನಕವನ್ನು ಪ್ರತ್ಯೇಕ ಪ್ರಕ್ರಿಯೆಯಿಂದಲೇ ತೆಗೆಯಬೇಕು. ಕೇಂದ್ರ ಪರಿಸರ ಸಚಿವಾಲಯದ 2017ರ ಅಧಿಸೂಚನೆಯಲ್ಲಿ ಸಂಸ್ಕರಣಾ ಘಟಕಗಳಿಗೆ ಸಾರಜನಕದ ಮಿತಿಯನ್ನು ಕೈಬಿಡಲಾಗಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರ ಏಪ್ರಿಲ್ 30ರ ಆದೇಶದಲ್ಲಿ ಬಿಗಿಯಾದ ಮಾನದಂಡಗಳನ್ನು ಒಪ್ಪಿಕೊಂಡಿತು. ಅದರಂತೆ ಒಟ್ಟು ಸಾರಜನಕ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು.

ಆ ಬಿಗಿಯಾದ ಮಿತಿಯನ್ನು ಪಾಲಿಸಿದರೂ, ಯೋಜನೆ ಪೂರ್ಣ ಸಾಮರ್ಥ್ಯದಲ್ಲಿ ನಡೆದ ದಿನ 2,100 ಕಿಲೋ ಸಾರಜನಕ ಕೆರೆಗಳಿಗೆ ಬರುತ್ತದೆ. ನೂರು ಚೀಲ ಯೂರಿಯಾದಷ್ಟು. ವರ್ಷಕ್ಕೆ ಸುಮಾರು 766 ಟನ್. ಅಂಕಿ ದೊಡ್ಡದಾಗಿ ಕಾಣುತ್ತದೆ. ಆದರೆ ಇದೇ 766 ಟನ್ ಸಾರಜನಕ ಸುಮಾರು 2,190 ಹೆಕ್ಟೇರ್ ಹಿಪ್ಪುನೇರಳೆಗೆ ಶಿಫಾರಸಾದ ಪ್ರಮಾಣ ಮಾತ್ರ. ಜಿಲ್ಲೆಯ ಹಿಪ್ಪುನೇರಳೆ ವಿಸ್ತೀರ್ಣ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಬೆಂಗಳೂರಿನ ನೀರೇ ಎಲ್ಲಕ್ಕೂ ಕಾರಣ ಎನ್ನುವ ವಾದವನ್ನೂ, ಅದರಿಂದ ಏನೂ ಆಗದು ಎನ್ನುವ ವಾದವನ್ನೂ ಈ ಎರಡು ಅಂಕಿಗಳ ಮುಂದೆ ಇಟ್ಟು ನೋಡಬೇಕಾಗುತ್ತದೆ.

ಕೆರೆಯ ಪರವಾಗಿಯೂ ಒಂದು ಮಾತಿದೆ. ಆಮ್ಲಜನಕ ಕಡಿಮೆಯಿರುವ ಕೆರೆಯ ಹೂಳಿನಲ್ಲಿ ಸೂಕ್ಷ್ಮಾಣುಗಳು ನೈಟ್ರೇಟನ್ನು ಸಾರಜನಕ ಅನಿಲವನ್ನಾಗಿ ಬದಲಿಸಿ ಗಾಳಿಗೆ ಬಿಡುತ್ತವೆ. ಜೊಂಡು ಮತ್ತು ಅಂತರಗಂಗೆ ಒಂದಂಶ ಹೀರಿಕೊಳ್ಳುತ್ತವೆ. ಕೆರೆಯಲ್ಲಿ ನಿಂತು ನಿಧಾನವಾಗಿ ಇಂಗುವ ನೀರಿಗೆ ಈ ಅವಕಾಶ ಸಿಗುತ್ತದೆ, ಹೊಲದಿಂದ ನೇರ ಇಳಿಯುವುದಕ್ಕೆ ಸಿಗುವುದಿಲ್ಲ. ಈ ಕೆರೆಗಳಿಂದ ನೇರವಾಗಿ ಪಂಪು ಹಾಕಿ ನೀರೆತ್ತುವುದನ್ನು ನಿಷೇಧಿಸಿರುವುದಕ್ಕೆ ಅಂತರ್ಜಲ ಮರುಪೂರಣ ಕಾರಣವಾದರೂ ಗುಣಮಟ್ಟಕ್ಕೂ ಅದರಿಂದ ಪ್ರಯೋಜನವಿದೆ. ಆದರೆ ಅಂತರಗಂಗೆಯನ್ನು ಕಿತ್ತು ದಡದಲ್ಲಿಯೇ ಕೊಳೆಯಲು ಬಿಟ್ಟಲ್ಲಿ ಅದು ಹೀರಿದ ಸಾರಜನಕ ಮುಂದಿನ ಮಳೆಗೆ ಕೆರೆಗೇ ಹಿಂದಿರುಗುತ್ತದೆ.

ಕುಡಿಯುವ ನೀರು ಮತ್ತು ಕೂಸುಗಳು

ನೈಟ್ರೇಟಿನ ಮಿತಿಯನ್ನು ನಿಗದಿಪಡಿಸಿರುವುದು ಮುಖ್ಯವಾಗಿ ಆರು ತಿಂಗಳೊಳಗಿನ ಶಿಶುಗಳ ಕಾರಣಕ್ಕೆ. ದೇಹದಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ ಬದಲಾಗಿ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಒಯ್ಯದಂತೆ ಮಾಡುತ್ತದೆ. ದೊಡ್ಡವರ ದೇಹ ಇದನ್ನು ಸರಿಪಡಿಸಿಕೊಳ್ಳುತ್ತದೆ. ಎಳೆಗೂಸುಗಳಲ್ಲಿ ಆ ಶಕ್ತಿ ಕಡಿಮೆ. ತುಟಿ, ಉಗುರು, ಚರ್ಮ ನೀಲಿಗಟ್ಟುವುದರಿಂದ ಇದನ್ನು ನೀಲಿಕೂಸು ಲಕ್ಷಣ ಎನ್ನುತ್ತಾರೆ. ಅಂತಹ ಲಕ್ಷಣ ಕಂಡಲ್ಲಿ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತಾಯಿಹಾಲನ್ನು ಮಾತ್ರ ಕುಡಿಯುವ ಮಗುವಿಗೆ ಈ ಅಪಾಯ ಬಹುತೇಕ ಇರುವುದಿಲ್ಲ. ಅಪಾಯ ಇರುವುದು ಬಾಟಲಿ ಹಾಲಿಗೆ, ಹಾಲಿನ ಪುಡಿಗೆ ಕೊಳವೆಬಾವಿಯ ನೀರು ಬೆರೆಸುವಲ್ಲಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಹಾನಿಕರವಾಗಿದೆ. ಮಗುವಿಗೆಂದು ತಾಯಂದಿರು ನೀರನ್ನು ಚೆನ್ನಾಗಿ ಕುದಿಸುತ್ತಾರೆ. ಕುದಿಸುವುದರಿಂದ ರೋಗಾಣು ಸಾಯುತ್ತವೆ, ಅದು ಅಗತ್ಯವೂ ಹೌದು; ಆದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. 40 ಮಿಲಿಗ್ರಾಂ ಇದ್ದ ನೀರನ್ನು ಮುಕ್ಕಾಲು ಪಾಲಿಗೆ ಇಳಿಸಿದರೆ 53 ಆಗುತ್ತದೆ, ಮಿತಿ ಮೀರುತ್ತದೆ. ಮೇಣದ ಬತ್ತಿಯಾಕಾರದ ಸೋಸುಕ, ಕ್ಲೋರಿನ್, ನೇರಳಾತೀತ ಕಿರಣದ ಯಂತ್ರ, ಫ್ಲೋರೈಡ್ ತೆಗೆಯುವ ಅಲ್ಯುಮಿನಾ ಸೋಸುಕ, ಇವು ಯಾವುದೂ ನೈಟ್ರೇಟಿಗೆ ಭರವಸೆಯ ಪರಿಹಾರವಲ್ಲ. ರಿವರ್ಸ್ ಆಸ್ಮೋಸಿಸ್ ಪದ್ಧತಿಯ ಶುದ್ಧ ಕುಡಿಯುವ ನೀರಿನ ಘಟಕಗಳು ಸುಸ್ಥಿತಿಯಲ್ಲಿದ್ದಲ್ಲಿ ನೈಟ್ರೇಟನ್ನು ಗಣನೀಯವಾಗಿ ತಗ್ಗಿಸುತ್ತವೆ. ಪೊರೆ ಹಳತಾದ ಘಟಕದಿಂದ ನೀರು ಬರುತ್ತದೆ, ನಾಣ್ಯವನ್ನೂ ನುಂಗುತ್ತದೆ, ಶುದ್ಧೀಕರಣ ಮಾತ್ರ ಆಗಿರುವುದಿಲ್ಲ. ಆದುದರಿಂದ ಘಟಕದ ನೀರನ್ನೂ ಪರೀಕ್ಷಿಸಬೇಕಾಗುತ್ತದೆ.

ಈ ಘಟಕಗಳ ತ್ಯಾಜ್ಯದ ಕುರಿತು ಇನ್ನೂ ಸರಿಯಾದ ಗಮನ ಹರಿದಿಲ್ಲ ಎಂದೇ ಹೇಳಬೇಕು. ಎರಡು ಕೊಡ ನೀರು ಒಳಗೆ ಹೋಗಿ ಒಂದು ಕೊಡ ಶುದ್ಧವಾಗಿ ಬರುವ ಘಟಕದಲ್ಲಿ, ಒಳಗಿನ ನೀರು 80 ಮಿಲಿಗ್ರಾಂ ಇದ್ದು ಶುದ್ಧ ನೀರು 10 ಆಗಿದ್ದರೆ, ಹೊರಗೆ ಬಿಡುವ ನೀರಿನಲ್ಲಿ 150 ಇರುತ್ತದೆ. ಅದು ಘಟಕದ ಹಿಂದೆಯೇ, ಹಲವೊಮ್ಮೆ ಅದೇ ಕೊಳವೆಬಾವಿಯ ಬುಡದಲ್ಲಿಯೇ ಇಂಗುತ್ತದೆ.

ಪರೀಕ್ಷೆಗೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ನೀರು ಪರೀಕ್ಷಾ ಪ್ರಯೋಗಾಲಯಗಳನ್ನು 2021ರಿಂದ ಸಾರ್ವಜನಿಕರ ಮಾದರಿಗಳಿಗೂ ತೆರೆಯಲಾಗಿದ್ದು, ನಿಗದಿತ ಶುಲ್ಕ ಪಾವತಿಸಿ ಪರೀಕ್ಷೆ ಮಾಡಿಸಿಕೊಳ್ಳಬಹುದಾಗಿದೆ. ಗ್ರಾಮಗಳಲ್ಲಿ ತರಬೇತಿ ಪಡೆದ ಮಹಿಳೆಯರ ಬಳಿ ಇರುವ ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ನೈಟ್ರೇಟಿನ ಅಂದಾಜು ಪ್ರಮಾಣ ತಿಳಿಯುತ್ತದೆ. ಕಿಟ್‌ನಲ್ಲಿ ಬಣ್ಣ ಮಿತಿಯ ಸಮೀಪ ಬಂದಲ್ಲಿ ಪ್ರಯೋಗಾಲಯಕ್ಕೆ ಕಳುಹಿಸುವುದೇ ಕ್ಷೇಮ.

ಮಾದರಿ ಸಂಗ್ರಹಿಸುವ ಮುನ್ನ ಪಂಪನ್ನು ಕೆಲವು ನಿಮಿಷ ಓಡಿಸಬೇಕು. ಕೊಳವೆಯಲ್ಲಿ ನಿಂತ ನೀರನ್ನು ಹಿಡಿಯಬಾರದು. ಶುಚಿಯಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಬಾರಿ ಗಲಬರಿಸಿ, ತುಂಬಿ, ಬಿಗಿಯಾಗಿ ಮುಚ್ಚಿ, ತಂಪಾದ ಸ್ಥಳದಲ್ಲಿರಿಸಿ ಅದೇ ದಿನ ಅಥವಾ ಮರುದಿನವೇ ತಲುಪಿಸಬೇಕು. ಬಿಸಿಲಿನಲ್ಲಿ ನಾಲ್ಕು ದಿನ ಇಟ್ಟು ತಂದ ನೀರಿನ ವರದಿಗೆ ಅರ್ಥವಿರುವುದಿಲ್ಲ. ಚೀಟಿಯಲ್ಲಿ ಗ್ರಾಮ, ಸರ್ವೆ ನಂಬರ್ ಅಥವಾ ಬಾವಿಯ ಗುರುತು, ಆಳ, ಕೇಸಿಂಗ್ ಪೈಪಿನ ಉದ್ದ, ಸಂಗ್ರಹಿಸಿದ ದಿನಾಂಕ ಮತ್ತು ವೇಳೆ ಬರೆಯತಕ್ಕದ್ದು. ಕೇಸಿಂಗ್ ಉದ್ದವನ್ನು ಕೇಳುವುದು ಕೇವಲ ಔಪಚಾರಿಕವಲ್ಲ. ಕೇಸಿಂಗ್ ಗಟ್ಟಿಬಂಡೆಯವರೆಗೆ ಇಳಿಯದ ಬಾವಿಯಲ್ಲಿ ಮೇಲ್ಪದರದ ನೈಟ್ರೇಟ್ ನೀರು ಸಂದಿಯಿಂದ ನೇರ ಒಳಗಿಳಿಯುತ್ತದೆ. ಸಾವಿರ ಅಡಿ ಆಳವಿದ್ದೂ ನೀರು ಮೇಲ್ಮಟ್ಟದ್ದೇ ಆಗಿರಬಹುದು. ಮುಂಗಾರಿಗೆ ಮುನ್ನ ಒಮ್ಮೆ, ಹಿಂಗಾರಿನ ನಂತರ ಒಮ್ಮೆ ಪರೀಕ್ಷಿಸಿದರೆ ಬಾವಿಯ ಸ್ವಭಾವ ತಿಳಿಯುತ್ತದೆ.

ವರದಿ ಓದುವಾಗ ಅರ್ಜಿದಾರರು ಒಂದು ವಿಷಯವನ್ನು ತಪ್ಪದೆ ನೋಡಬೇಕು. ಕೆಲವು ವರದಿಗಳಲ್ಲಿ ಪ್ರಮಾಣವನ್ನು ನೈಟ್ರೇಟ್ ಎಂದೂ, ಕೆಲವುಗಳಲ್ಲಿ ನೈಟ್ರೇಟ್ ರೂಪದ ಸಾರಜನಕ ಎಂದೂ ಬರೆಯಲಾಗುತ್ತದೆ. ಮೊದಲನೆಯದರ ಮಿತಿ 45. ಎರಡನೆಯದರಲ್ಲಿ ಅದೇ ಮಿತಿ ಸುಮಾರು 10. ವರದಿಯಲ್ಲಿ 12 ಎಂದು ಇದ್ದಲ್ಲಿ, ಅದು ನೈಟ್ರೇಟ್ ಆಗಿದ್ದರೆ ನೀರು ಉತ್ತಮ. ಸಾರಜನಕ ಆಗಿದ್ದರೆ ನೈಟ್ರೇಟ್ 53 ಆಗಿ ಮಿತಿ ಮೀರಿದೆ. ಅಂಕಿ ಒಂದೇ, ತೀರ್ಮಾನ ತದ್ವಿರುದ್ಧ. ಸಂದೇಹವಿದ್ದಲ್ಲಿ ವರದಿ ನೀಡಿದ ಪ್ರಯೋಗಾಲಯದಲ್ಲಿಯೇ ಕೇಳಿ ಬರೆಯಿಸಿಕೊಳ್ಳುವುದು.

ಹೊಸ ಕೊಳವೆಬಾವಿಗೆ ಅನುಮತಿ ಕೋರುವವರಿಗೂ ಒಂದು ಸೂಚನೆ ಇದೆ. ಕುಡಿಯುವ ನೀರಿನ ಮೂಲಗಳ ಸಂರಕ್ಷಣೆಗಾಗಿ ರೂಪಿಸಿದ 1999ರ ಕಾಯ್ದೆಯಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. ಅಧಿಸೂಚಿತ ಪ್ರದೇಶಗಳಿಗೆ 2011ರ ಅಂತರ್ಜಲ ಕಾಯ್ದೆಯೂ ಅನ್ವಯಿಸುತ್ತದೆ. ಈ 500 ಮೀಟರ್ ನಿಯಮ ನೀರು ಬತ್ತದಿರಲು ಮಾಡಿದ್ದು. ತಿಪ್ಪೆಗುಂಡಿ, ಶೌಚಗುಂಡಿಗಳನ್ನು ಎಷ್ಟು ದೂರ ಇಡಬೇಕೆಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಯೂರೋಪಿನ ಒಕ್ಕೂಟವು 1991ರ ನಿರ್ದೇಶನದಲ್ಲಿ ಸೂಕ್ಷ್ಮ ಪ್ರದೇಶಗಳ ಹೊಲಗಳಿಗೆ ಹಾಕುವ ಜಾನುವಾರು ಗೊಬ್ಬರದ ಸಾರಜನಕವನ್ನೇ ಹೆಕ್ಟೇರಿಗೆ 170 ಕಿಲೋಗೆ ಮಿತಿಗೊಳಿಸಿತು. ಸಣ್ಣ ಹಿಡುವಳಿಯ ಈ ಸೀಮೆಗೆ ಅಂತಹ ನಿಯಮವನ್ನು ಹಾಗೆಯೇ ತರುವುದು ಕಷ್ಟಸಾಧ್ಯ. ಆದರೆ ನೀರಿನ ಪ್ರಮಾಣವನ್ನು ಒಂದು ಕಾನೂನು, ಗೊಬ್ಬರವನ್ನು ಇನ್ನೊಂದು ಇಲಾಖೆ, ಶೌಚಗುಂಡಿಯನ್ನು ಮತ್ತೊಂದು ಯೋಜನೆ ನೋಡಿಕೊಳ್ಳುವ ಈಗಿನ ವ್ಯವಸ್ಥೆಯಲ್ಲಿ ನೈಟ್ರೇಟ್ ಯಾರ ಕಡತದಲ್ಲಿಯೂ ಪೂರ್ತಿಯಾಗಿ ಕೂರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆತಿದೆ. ಮೇಲ್ಮೈ ನೀರು ಬರುವವರೆಗೆ ಬಹುತೇಕ ಹಳ್ಳಿಗಳ ನಲ್ಲಿಗೆ ಕೊಳವೆಬಾವಿಯೇ ಮೂಲವಾಗಿರುತ್ತದೆ.

ವರದಿಯಲ್ಲಿ ನೈಟ್ರೇಟ್ 45 ಮೀರಿದ್ದು, ಅದು ಸಾರ್ವಜನಿಕ ಸರಬರಾಜಿನ ನೀರಾಗಿದ್ದಲ್ಲಿ, ವರದಿಯ ಪ್ರತಿಯೊಂದಿಗೆ ಗ್ರಾಮ ಪಂಚಾಯಿತಿಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಪಟ್ಟಣ ಪ್ರದೇಶದಲ್ಲಿ ನಗರಸಭೆಗೆ ಸಲ್ಲಿಸುವುದು. ಬದಲಿ ವ್ಯವಸ್ಥೆ ಆಗುವವರೆಗೆ ಆ ನೀರನ್ನು ಸ್ನಾನ, ಬಟ್ಟೆ, ಪಾತ್ರೆಗಳಿಗೆ ಬಳಸಲು ಅಡ್ಡಿಯಿಲ್ಲ. ಮನೆಯಲ್ಲಿ ಆರು ತಿಂಗಳೊಳಗಿನ ಮಗು ಇದ್ದಲ್ಲಿ ಆ ಸಂಗತಿಯನ್ನು ಅರ್ಜಿಯ ಮೊದಲ ಸಾಲಿನಲ್ಲಿಯೇ ನಮೂದಿಸುವುದು.